ಎರಡೂವರೆ ಗಂಟೆಯೇ ಇಲ್ಲದ ರಾತ್ರಿ

ಡೇಲೈಟ್ ಸೇವಿಂಗ್ ಅಂದ್ರೆ ನಮಗೆ ಕ್ವಿಜ್ ಪ್ರಶ್ನೆ ಅಷ್ಟೇ. ನಮ್ಮ ದೇಶದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡೋ ಪದ್ಧತಿ ಇಲ್ಲ. ಆದರೆ ನಾಳೆ ಬೆಂಗಳೂರಿನಲ್ಲಿ ಕೂತು ಅಮೆರಿಕದ ಬ್ಯಾಂಕಿನದ್ದೋ ಆಸ್ಪತ್ರೆಯದ್ದೋ ಸರ್ವರ್ ನೋಡಿಕೊಳ್ಳೋರು ನಮ್ಮಲ್ಲೇ ಎಷ್ಟೋ ಜನ ಇರ್ತಾರೆ. ಆಗ ವರ್ಷಕ್ಕೆ ಎರಡು ಸಲ ಇದು ನಮ್ಮ ಕೆಲಸವೇ ಆಗುತ್ತೆ.

ನಮಗೆ ಯಾಕೆ ಬೇಡ? ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ನ್ಯೂಯಾರ್ಕಿನಲ್ಲಿ ಅದು ಹತ್ತಿರ ಹತ್ತಿರ 6 ಗಂಟೆ. ಬೇಸಿಗೆಯಲ್ಲಿ ಬೇಗ ಹುಟ್ಟೋ ಸೂರ್ಯನ ಬೆಳಕನ್ನು ಸಂಜೆಗೆ ಉಳಿಸಿಕೊಳ್ಳೋಕೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡ್ತಾರೆ. ನಮ್ಮಲ್ಲೂ ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಗಡಿಯಾರ ಒಂದು ಗಂಟೆ ಮುಂದಿತ್ತು. ಆಮೇಲೆ ಬಿಟ್ಟೆವು.

ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆ ಆಗುತ್ತಿದ್ದಂತೆ ಗಡಿಯಾರ ನೇರ 3ಕ್ಕೆ ಹಾರುತ್ತೆ. ಆ ದಿನ 2:30 ಅನ್ನೋ ಸಮಯವೇ ಇಲ್ಲ. ನವೆಂಬರ್ ಮೊದಲ ಭಾನುವಾರ 2 ಗಂಟೆಗೆ ವಾಪಸ್ 1ಕ್ಕೆ ಬರುತ್ತೆ. ಆ ದಿನ 1:30 ಎರಡು ಸಲ ಬರುತ್ತೆ. ಈಗ 2:30ಕ್ಕೆ ಬ್ಯಾಕಪ್ ಶೆಡ್ಯೂಲ್ ಮಾಡಿದ್ರೆ ಮಾರ್ಚ್‌ನಲ್ಲಿ ಅದು ತಪ್ಪಿಹೋಗಬಹುದು. 1:30ಕ್ಕೆ ಹಣ ವರ್ಗಾಯಿಸೋ ಜಾಬ್ ಇದ್ರೆ ನವೆಂಬರ್‌ನಲ್ಲಿ ಒಬ್ಬರ ಖಾತೆಯಿಂದ ಎರಡು ಸಲ ದುಡ್ಡು ಹೋಗಬಹುದು. ಗಂಟೆಗಳ ಮೇಲೆ ನರ್ಸ್‌ಗಳ ಸಂಬಳ ಲೆಕ್ಕ ಹಾಕೋ ಪ್ರೋಗ್ರಾಂ ಕೂಡ ಆ ರಾತ್ರಿ ತಪ್ಪಬಹುದು.

ಇಲ್ಲೊಂದು ತಮಾಷೆ ಇದೆ. ಈ ಬಗ್ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಎಂದೂ ಕಾಣಲ್ಲ. ಭಾರತದ ಟೈಮ್‌ಝೋನ್‌ನಲ್ಲಿ ಪ್ರತಿ ದಿನಕ್ಕೂ ಸರಿಯಾಗಿ 24 ಗಂಟೆ. ನಾವು ಎಷ್ಟು ಟೆಸ್ಟ್ ಮಾಡಿದ್ರೂ ಪಾಸ್. ಅದಕ್ಕೇ ನಾವು ಇದನ್ನು ಬೇಕಂತಲೇ ಹುಡುಕಬೇಕು.

ಏನೇನು ಮಾಡಬೇಕು?

ಒಂದು, ಆಗಿಹೋದ ಘಟನೆಗಳನ್ನು, ಅಂದ್ರೆ ಲಾಗ್, ಪೇಮೆಂಟ್ ಇಂಥವನ್ನು, ಯುಟಿಸಿಯಲ್ಲಿ ಉಳಿಸಿ. ಅದು ಹಿಂದೆ ಮುಂದೆ ಹಾರಲ್ಲ.

ಎರಡು, ಮುಂದೆ ನಡೆಯೋ ಮೀಟಿಂಗ್‌ಗೆ ಅಲ್ಲಿನ ಸಮಯ ಮತ್ತು ಊರಿನ ಝೋನ್ ಹೆಸರು ಎರಡನ್ನೂ ಉಳಿಸಿ. ಕೋಡ್‌ನಲ್ಲಿ ‘ಹತ್ತೂವರೆ ಗಂಟೆ ಕೂಡಿಸು’ ಅಂತ ಬರೆಯಬೇಡಿ. ನ್ಯೂಯಾರ್ಕಿನ ಬೆಳಿಗ್ಗೆ 9 ನಮಗೆ ಚಳಿಗಾಲದಲ್ಲಿ ರಾತ್ರಿ 7:30, ಬೇಸಿಗೆಯಲ್ಲಿ ಸಂಜೆ 6:30. ಯುರೋಪ್ ಗಡಿಯಾರ ಬದಲಿಸೋದು ಮಾರ್ಚ್ ಕೊನೆಯ ಭಾನುವಾರ. 2025ರಲ್ಲಿ ಅಮೆರಿಕ ಮಾರ್ಚ್ 9ಕ್ಕೆ, ಬ್ರಿಟನ್ ಮಾರ್ಚ್ 30ಕ್ಕೆ ಬದಲಿಸಿದವು. ನಡುವಿನ ಮೂರು ವಾರ ಲಂಡನ್ ಮತ್ತು ನ್ಯೂಯಾರ್ಕ್ ಮಧ್ಯೆ 5ರ ಬದಲು 4 ಗಂಟೆ ಅಂತರ. ಅಮೆರಿಕದ್ದೇ ಅರಿಝೋನಾದ ಬಹುಭಾಗ ಗಡಿಯಾರ ಮುಟ್ಟೋದೇ ಇಲ್ಲ.

ಮೂರು, ಟೈಮ್‌ಝೋನ್ ಡೇಟಾ ಅಪ್‌ಡೇಟ್ ಮಾಡಿ. ನಿಯಮ ಮಾಡೋದು ಸರ್ಕಾರಗಳು, ಹಾಗಾಗಿ ಬದಲಾಗ್ತಾ ಇರುತ್ತೆ. ಅಮೆರಿಕ 2007ರಲ್ಲಿ ಆರಂಭವನ್ನು ಏಪ್ರಿಲ್‌ನಿಂದ ಮಾರ್ಚ್‌ಗೆ ತಂದಾಗ ಹಳೇ ಸಿಸ್ಟಮ್‌ಗಳಿಗೆಲ್ಲ ಪ್ಯಾಚ್ ಹಾಕಬೇಕಾಯ್ತು. 2022ರಲ್ಲಿ ಮೆಕ್ಸಿಕೋದ ಬಹುಭಾಗ ಈ ಪದ್ಧತಿಯನ್ನೇ ಬಿಟ್ಟಿತು. ಸರ್ವರ್ ಜೊತೆಗೆ ಜಾವಾ, ಡೇಟಾಬೇಸ್, ಕಂಟೈನರ್ ಇಮೇಜ್‌ಗಳಲ್ಲೂ ಈ ಡೇಟಾದ ಬೇರೆ ಪ್ರತಿ ಇರಬಹುದು.

ನಾಲ್ಕು, ಅಲ್ಲಿನ 1ರಿಂದ 3 ಗಂಟೆ ಮಧ್ಯೆ ಓಡೋ ಜಾಬ್‌ಗಳ ಪಟ್ಟಿ ಮಾಡಿ. ಆದಷ್ಟನ್ನು ಬೇರೆ ಹೊತ್ತಿಗೆ ಸರಿಸಿ. ಆಗದಿದ್ರೆ ಎರಡು ಸಲ ಓಡಿದರೂ ಒಂದೇ ಸಲದ ಫಲ ಸಿಗೋ ಹಾಗೆ ಬರೆಯಿರಿ.

ಐದು, ಜನರನ್ನು ಮರೀಬೇಡಿ. ಶಿಫ್ಟ್ ಒಂದು ಗಂಟೆ ಸರಿದ್ರೆ ಕ್ಯಾಬ್ ಸಮಯವೂ ಸರಿಯಬೇಕು. ಇಲ್ಲಾಂದ್ರೆ ರಾತ್ರಿ ಹೊತ್ತು ಯಾರೋ ಗೇಟಿನ ಹತ್ತಿರ ಕಾಯ್ತಾ ನಿಂತಿರ್ತಾರೆ.

ನ್ಯೂಯಾರ್ಕಿನಲ್ಲಿ ಮಾರ್ಚ್‌ನ ಆ ಗಡಿಯಾರ ಹಾರುವಾಗ ನಮ್ಮಲ್ಲಿ ಭಾನುವಾರ ಮಧ್ಯಾಹ್ನ 12:30. ಊಟ ನೆಮ್ಮದಿಯಾಗಿ ಆಗಬೇಕು ಅಂದ್ರೆ ಶುಕ್ರವಾರವೇ ಕೆಲಸ ಮುಗಿಸಿಡಿ. ಈಗಲೇ ಅಭ್ಯಾಸ ಬೇಕಾ? ನಿಮ್ಮ ಮಿನಿ ಪ್ರಾಜೆಕ್ಟ್‌ನ ಟೈಮ್‌ಝೋನ್ ನ್ಯೂಯಾರ್ಕ್ ಮಾಡಿ, ತಾರೀಖು ಮಾರ್ಚ್ ಎರಡನೇ ಭಾನುವಾರ ಇಟ್ಟು ಒಮ್ಮೆ ಓಡಿಸಿ ನೋಡಿ.