ಆಜರಾ ಸುತ್ತಿನ ನೋಡತಕ್ಕ ಸ್ಥಳಗಳು

ಪ್ರವಾಸವೆಂದೊಡನೆ ನಮ್ಮ ಮನಸ್ಸು ಹಂಪೆ, ಬಾದಾಮಿ, ಬೇಲೂರುಗಳತ್ತ ಓಡುವುದು ಸಹಜ. ನೆರೆಯಲ್ಲಿಯೇ ಇರುವ ಸ್ಥಳಗಳನ್ನು ಮಾತ್ರ ನಾವು ಮರೆತುಬಿಡುತ್ತೇವೆ. ಕೊಲ್ಲಾಪುರ ಜಿಲ್ಲೆಯ ಆಜರಾ ಅಂಥದೊಂದು ಪೇಟೆಯ ಊರು. ಸಂಕೇಶ್ವರದಿಂದ ಗಡಹಿಂಗ್ಲಜದ ಮೇಲೆ ಅಂಬೋಲಿ ಘಟ್ಟಕ್ಕೆ ಹೋಗುವ ದಾರಿಯಲ್ಲಿ ಅದು ಸಿಗುತ್ತದೆ. ಅಲ್ಲಿಯ ನೋಟಗಳನ್ನು ಅರಿಯಲು ಹಿರಣ್ಯಕೇಶಿ ನದಿಯನ್ನು ಅನುಸರಿಸುವುದೇ ಸುಲಭವಾದ ಮಾರ್ಗ.

ಈ ನದಿಯ ಉಗಮ ಆಜರಾದ ಪಶ್ಚಿಮಕ್ಕೆ, ಸಹ್ಯಾದ್ರಿಯ ನೆತ್ತಿಯಲ್ಲಿರುವ ಅಂಬೋಲಿಯಲ್ಲಿ. ಅಲ್ಲಿ ಗವಿಯೊಳಗಿಂದ ಹರಿದುಬರುವ ನೀರು ದೇವಾಲಯದ ಮುಂದಿನ ಕುಂಡವನ್ನು ತುಂಬುತ್ತದೆ. 2020ರಲ್ಲಿ ವಿಜ್ಞಾನಿಗಳು ಇಲ್ಲಿಯ ಪುಟ್ಟ ಮೀನೊಂದನ್ನು ಹೊಸ ಜಾತಿಯೆಂದು ಗುರುತಿಸಿ, ಅದಕ್ಕೆ ‘ಶಿಸ್ಟುರಾ ಹಿರಣ್ಯಕೇಶಿ’ ಎಂದು ನದಿಯ ಹೆಸರನ್ನೇ ಇಟ್ಟರು. 2021ರಲ್ಲಿ ಮಹಾರಾಷ್ಟ್ರ ಸರಕಾರವು ಆ ನೆಲೆಯನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಸಾರಿತು.

ಘಟ್ಟದ ಮೇಲಿಂದ ಪೂರ್ವಕ್ಕೆ ಹರಿದ ನದಿಯು ಆಜರಾ ಸಮೀಪ ರಾಮತೀರ್ಥದಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತದೆ. ದಡದಲ್ಲಿ ಶ್ರೀರಾಮನ ಗುಡಿಯುಂಟು. ವನವಾಸದ ಕಾಲಕ್ಕೆ ರಾಮನು ಇಲ್ಲಿ ತಂಗಿದ್ದನೆಂಬುದು ಜನರ ನಂಬಿಕೆ. ಮಳೆಗಾಲದಲ್ಲಿ ಬಂಡೆಗಳು ಜಾರುವುದರಿಂದ ದೂರ ನಿಂತು ನೋಡುವುದೇ ಲೇಸು. ಊರೊಳಗೆ ಗ್ರಾಮದೈವ ರವಳನಾಥನ ಮಂದಿರವಿದೆ. ಸುತ್ತಲಿನ ಗದ್ದೆಗಳಲ್ಲಿ ಬೆಳೆಯುವ ‘ಆಜರಾ ಘನಸಾಳ’ವು ಗಿಡ್ಡ ಕಾಳಿನ ಸುವಾಸನೆಯ ಅಕ್ಕಿ, 2016ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮರಾಠಿಯ ಪ್ರಸಿದ್ಧ ಕಾದಂಬರಿಕಾರ ಶಿವಾಜಿ ಸಾವಂತರು 1940ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ. 1967ರಲ್ಲಿ ಪ್ರಕಟವಾದ ಅವರ ‘ಮೃತ್ಯುಂಜಯ’ದ ನಾಯಕ ಕರ್ಣ. ಕರ್ಣನನ್ನು ಪಂಪನ ಮೂಲಕ ಬಲ್ಲ ಕನ್ನಡಿಗರಿಗೆ ಈ ಊರು ಅಷ್ಟೇನೂ ಪರಕೀಯವೆನಿಸಲಾರದು.

ಇತಿಹಾಸದಲ್ಲಿ ಆಸಕ್ತಿಯುಳ್ಳವರು ಅಲ್ಲಿಂದ ನದಿಯ ದಾರಿ ಬಿಟ್ಟು ಗಡಹಿಂಗ್ಲಜ ತಾಲೂಕಿನ ಎರಡು ಸ್ಥಳಗಳನ್ನು ನೋಡಬಹುದು. ನೇಸರಿಯಲ್ಲಿ 1674ರ ಫೆಬ್ರುವರಿ 24ರಂದು ಸೇನಾಪತಿ ಪ್ರತಾಪರಾವ್ ಗುಜರನು ಕೇವಲ ಆರು ಮಂದಿ ಸವಾರರೊಡನೆ ಬಹಲೋಲಖಾನನ ಸೈನ್ಯದ ಮೇಲೆ ಬಿದ್ದು, ಏಳು ಜನರೂ ಮಡಿದರು. ಅವರ ಸ್ಮಾರಕ ಅಲ್ಲಿದೆ. ಸಾಮಾನಗಡದ ಕೋಟೆಯು 1844ರಲ್ಲಿ ಗಡಕರಿಗಳು ಬ್ರಿಟಿಷರ ವಿರುದ್ಧ ಎದ್ದ ಬಂಡಾಯದ ನೆಲೆ.

ಇತ್ತ ಹಿರಣ್ಯಕೇಶಿಯು ಗಡಹಿಂಗ್ಲಜವನ್ನು ದಾಟಿ ಸಂಕೇಶ್ವರಕ್ಕೆ ಬಂದು, ಮುಂದೆ ಘಟಪ್ರಭೆಯನ್ನು ಕೂಡುತ್ತದೆ. ಗೋಕಾಕ ಜಲಪಾತದಲ್ಲಿ ಧುಮುಕುವ ನೀರಿನಲ್ಲಿ ಅಂಬೋಲಿಯ ಗವಿಯ ನೀರೂ ಉಂಟು. ಆದುದರಿಂದ ಉಗಮದ ಕುಂಡದಲ್ಲಿಯಾಗಲಿ, ರಾಮತೀರ್ಥದಲ್ಲಿಯಾಗಲಿ ಯಾತ್ರಿಕರು ಎಸೆಯುವ ಕಸವು ಅಲ್ಲಿಯ ಜೀವಿಗಳಿಗೆ ಮಾರಕವಾಗುವುದಲ್ಲದೆ, ಕೆಳಗಿನ ಊರುಗಳ ನೀರನ್ನೂ ಕೆಡಿಸುತ್ತದೆ. ಮರಾಠಿ ಮಾತನಾಡುವ ದಂಡೆಯಿಂದ ಕನ್ನಡ ಮಾತನಾಡುವ ದಂಡೆಗೆ ನದಿ ಒಂದೇ. ನಮ್ಮ ವಿದ್ಯಾರ್ಥಿಗಳು ಶಾಲೆಯ ಪ್ರವಾಸದಲ್ಲಿ ಅದರ ಉಗಮವನ್ನೊಮ್ಮೆ ಕಾಣಲಿ. ಕಂಡ ಸ್ಥಳವನ್ನು ಕಂಡಂತೆಯೇ ಬಿಟ್ಟುಬರಲಿ ಎಂಬುದು ನಮ್ಮ ಅಪೇಕ್ಷೆ.