ಹಿಂದಕ್ಕೂ ಓಡುವ ಬೈಕು

ಬೈಕಿಗೂ ರಿವರ್ಸ್ ಗೇರಾ ಎಂದು ನಗಬೇಡಿ. ಅಮೆರಿಕದ ಹೆದ್ದಾರಿಗಳ ದೂರಪಯಣಕ್ಕೆಂದೇ ರೂಪುಗೊಂಡು, 1988ರಲ್ಲಿ ಬಂದ ಹೋಂಡಾ ಗೋಲ್ಡ್‌ವಿಂಗ್ ಜಿಎಲ್ 1500ರ ತೂಕ 350 ಕಿಲೋಗೂ ಹೆಚ್ಚು. ಇಳಿಜಾರಿನಲ್ಲಿ ಮೂತಿ ತಗ್ಗಿಗೆ ಮಾಡಿ ನಿಲ್ಲಿಸಿದರೆ, ಕಾಲೂರಿ ಹಿಂದಕ್ಕೆ ತಳ್ಳುವುದು ಪೈಲ್ವಾನನಿಗೂ ಕಷ್ಟ. ಅದಕ್ಕೇ ಸ್ಟಾರ್ಟರ್ ಮೋಟಾರಿನ ಬಲದಲ್ಲಿ ಮೆಲ್ಲಗೆ ಹಿಂದೆ ಸರಿಯುವ ಏರ್ಪಾಡು.

ಎಂಜಿನ್ 1520 ಸಿಸಿ. ಆರು ಸಿಲಿಂಡರುಗಳು ಎರಡೂ ಬದಿಗೆ ಮೂರು ಮೂರರಂತೆ ಅಡ್ಡಡ್ಡ ಮಲಗಿರುವುದರಿಂದ ನಡುಕ ಬಲು ಕಡಿಮೆ. ಹಿಂದಿನ ಚಕ್ರ ತಿರುಗಿಸುವುದು ಶಾಫ್ಟ್. ಚೈನಿಗೆ ಎಣ್ಣೆ ಬಿಡುವ, ಬಿಗಿ ಮಾಡುವ ತಾಪತ್ರಯವೇ ಇಲ್ಲ. ಟ್ಯಾಂಕಿನಂತೆ ಕಾಣುವ ಉಬ್ಬಿನೊಳಗೆ ಏರ್ ಫಿಲ್ಟರ್ ಇದೆ, ಪೆಟ್ರೋಲ್ ಇರುವುದು ಸೀಟಿನ ಕೆಳಗೆ. ಭಾರವೆಲ್ಲ ತಳದಲ್ಲಿರುವುದರಿಂದ ಗಾಡಿ ಹೊರಟ ಮೇಲೆ ಅದರ ತೂಕ ಸವಾರನಿಗೆ ಅಷ್ಟಾಗಿ ತಿಳಿಯುವುದಿಲ್ಲ.

ಇದರ ತಯಾರಿಕೆ ನಿಂತದ್ದು 2000ದಲ್ಲಿ. ಹಾಗಾಗಿ ಈಗ ಕೊಳ್ಳಬೇಕೆಂದರೆ ಸಿಗುವುದು ಹಳೆಯ ಗಾಡಿಯೇ.

ಹಳೆಯ ಗಾಡಿ ಕೊಳ್ಳುವವರು ಮೊದಲು ನೋಡುವುದು ಮೀಟರನ್ನು. ಆದರೆ ಇಂಥ ಬೈಕು ಹೆಚ್ಚು ಕೆಡುವುದು ಶೆಡ್ಡಿನಲ್ಲಿ ಸುಮ್ಮನೆ ನಿಂತಾಗ. ಹಳಸಿದ ಪೆಟ್ರೋಲ್ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಲ್ಲಿ ಅಂಟಾಗುತ್ತದೆ. ರಬ್ಬರಿನ ಟೈಮಿಂಗ್ ಬೆಲ್ಟ್ ಓಡದಿದ್ದರೂ ಮುದಿಯಾಗುತ್ತದೆ. ಅದು ದಾರಿಯಲ್ಲಿ ತುಂಡಾದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹಾಳು. ಟೈರೂ ಅಷ್ಟೆ, ಮೇಲೆ ಹೊಸದರಂತೆ ಕಂಡರೂ ಒಳಗೆ ಗಡುಸಾಗಿರಬಹುದು. ಅದರ ಪಕ್ಕೆಯ ಮೇಲಿನ ನಾಲ್ಕಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದ ಸರಕು.

ಚೌಕಾಸಿಗೆ ಕೂರುವ ಮುನ್ನ ಬೆಲ್ಟ್ ಬದಲಿಸಿದ ರಸೀದಿ ಕೇಳಿ. ಇಲ್ಲವೆಂದರೆ ಆ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಿ.