ಕಾಣದ ಮೀನನ್ನು ಎಣಿಸುವುದು ಹೇಗೆ?

ಬಯಲಲ್ಲಿ ಮೇಯುವ ಕುರಿಗಳನ್ನು ಎಣಿಸಬಹುದು. ಹರಿಯುವ ನದಿಯೊಳಗೆ, ಕಲ್ಲಿನ ಮರೆಯಲ್ಲಿ ಅಡಗಿರುವ ಮೀನನ್ನು ಎಣಿಸೋದು ಹೇಗೆ? ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾಡಿಸನ್ ನದಿಯಲ್ಲಿ ಈ ಕೆಲಸ ದಶಕಗಳಿಂದ ನಡೆದಿದೆ. ಅಲ್ಲಿ ಎಣಿಸುವುದು ಟ್ರೌಟ್ ಮೀನನ್ನು. ಬ್ರಿಟಿಷರು ಕಾಶ್ಮೀರದ ಹೊಳೆಗಳಿಗೆ, ನೀಲಗಿರಿಯ ಹಳ್ಳಗಳಿಗೆ ತಂದು ಬಿಟ್ಟಿದ್ದೂ ಇದೇ ಜಾತಿಯ ತಣ್ಣೀರಿನ ಮೀನುಗಳನ್ನು.

ಮ್ಯಾಡಿಸನ್‌ನ ಬ್ರೌನ್ ಟ್ರೌಟ್, ರೇನ್‌ಬೋ ಟ್ರೌಟ್ ಕೂಡ ಹೊರಗಿನಿಂದ ಬಂದವೇ. ಆದರೂ ಅವನ್ನು ಕಾಡು ಟ್ರೌಟ್ ಅಂತಾರೆ. ಸಾಕಣೆ ತೊಟ್ಟಿಯಲ್ಲಲ್ಲ, ನದಿಯಲ್ಲೇ ಮೊಟ್ಟೆಯೊಡೆದು ಬೆಳೆದವು ಅನ್ನೋ ಕಾರಣಕ್ಕೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ದೋಣಿಯಲ್ಲಿ ಜನರೇಟರ್ ಇಟ್ಟುಕೊಂಡು ನೀರಿಗೆ ಡಿಸಿ ಕರೆಂಟ್ ಬಿಡುತ್ತಾರೆ. ಹತ್ತಿರದ ಮೀನು ತಾನಾಗಿಯೇ ಕರೆಂಟಿನ ಧನಧ್ರುವದ ಕಡೆ ಈಜಿ ಬಂದು ಮಂಕಾಗುತ್ತದೆ. ಬಲೆಯಿಂದ ಎತ್ತಿ, ಉದ್ದ ಅಳೆದು, ತೂಕ ನೋಡಿ, ರೆಕ್ಕೆಯ ತುದಿಯನ್ನು ಚೂರೇ ಕತ್ತರಿಸಿ ವಾಪಸ್ ಬಿಡುತ್ತಾರೆ. ಒಂದೆರಡು ವಾರ ಕಳೆದು, ಗುರುತಿನ ಮೀನುಗಳು ಉಳಿದವುಗಳ ಜೊತೆ ಬೆರೆತ ಮೇಲೆ, ಅದೇ ಜಾಗದಲ್ಲಿ ಮತ್ತೆ ಹಿಡಿಯುತ್ತಾರೆ.

ಇನ್ನು ಲೆಕ್ಕ. ಮೊದಲ ಸಲ 200 ಮೀನಿಗೆ ಗುರುತು ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಎರಡನೇ ಸಲ ಸಿಕ್ಕ 150ರಲ್ಲಿ 15ಕ್ಕೆ ಗುರುತಿದೆ, ಅಂದರೆ ಹತ್ತಕ್ಕೊಂದು. ಹಾಗಾದರೆ ನೀವು ಗುರುತು ಹಾಕಿದ 200 ಕೂಡ ಅಲ್ಲಿನ ಒಟ್ಟು ಮೀನಿನ ಹತ್ತನೇ ಒಂದು ಭಾಗ. ಒಟ್ಟು ಸುಮಾರು 2,000. ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿಯ ಹೆಸರಲ್ಲಿರುವ ವಿಧಾನ ಇದು. ಫ್ರಾನ್ಸಿನ ಲಾಪ್ಲಾಸ್ 1802ರಲ್ಲೇ ತನ್ನ ದೇಶದ ಜನಸಂಖ್ಯೆಯನ್ನು ಇಂಥದ್ದೇ ತರ್ಕದಿಂದ ಅಂದಾಜು ಮಾಡಿದ್ದ.

ಆದರೆ ಒಂದು ತೊಡಕಿದೆ. ದೊಡ್ಡ ಮೀನಿಗೆ ಕರೆಂಟು ಜಾಸ್ತಿ ತಾಗುತ್ತೆ, ಬೇಗ ಸಿಕ್ಕಿಬೀಳುತ್ತೆ. ಮರಿಗಳು ತಪ್ಪಿಸಿಕೊಳ್ಳುತ್ತವೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಭಾಗಿಸಿದರೆ ಉತ್ತರ ಸುಳ್ಳಾಗುತ್ತೆ. ಅದಕ್ಕೇ ಉದ್ದದ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿಗೂ ಬೇರೆ ಲೆಕ್ಕ ಹಾಕುತ್ತಾರೆ. ಅಳತೆಪಟ್ಟಿ ಇಲ್ಲದ ಎಣಿಕೆಯನ್ನು ನಾನಂತೂ ನಂಬಲಾರೆ.

ಇಷ್ಟೆಲ್ಲಾ ಪಾಡು ಯಾಕೆ ಅಂತೀರಾ? ಆಗೆಲ್ಲ ಗಾಳ ಹಾಕುವವರಿಗೆ ಮೀನು ಸಾಲದಾದರೆ ಸಾಕಣೆ ಕೇಂದ್ರದಿಂದ ಲಾರಿಯಲ್ಲಿ ತಂದು ನದಿಗೆ ಸುರಿಯುತ್ತಿದ್ದರು. ಹೆಚ್ಚು ಸುರಿದರೆ ಹೆಚ್ಚು ಮೀನು, ಇದರಲ್ಲಿ ಕೇಳೋದೇನಿದೆ? ಮೊಂಟಾನಾದ ಜೀವವಿಜ್ಞಾನಿ ಡಿಕ್ ವಿನ್ಸೆಂಟ್ 1960ರ ದಶಕದ ಕೊನೆಯಲ್ಲಿ ಎಣಿಸಲು ಶುರುಮಾಡಿದಾಗ ಬೇರೆಯದೇ ಕಂಡಿತು. ಮ್ಯಾಡಿಸನ್‌ನ ಒಂದು ಭಾಗದಲ್ಲಿ ಸುರಿಯುವುದನ್ನು ನಿಲ್ಲಿಸಿದ ಮೇಲೆ ಬೆಳೆದ ಕಾಡು ಬ್ರೌನ್ ಟ್ರೌಟ್‌ಗಳು ಎರಡು ಪಟ್ಟಿಗೂ ಮೀರಿ ಹೆಚ್ಚಿದವು. ಪಕ್ಕದ ಓಡೆಲ್ ಎಂಬ ತೊರೆಯಲ್ಲಿ ಬೇಕೆಂದೇ ಸುರಿದು ನೋಡಿದರು, ಅಲ್ಲಿ ಕಾಡು ಮೀನು ಕಡಿಮೆಯಾಯಿತು! ಜನ ಸುಲಭಕ್ಕೆ ಒಪ್ಪಲಿಲ್ಲ. ಆದರೂ 1974ರಲ್ಲಿ ಮೊಂಟಾನಾ, ಕಾಡು ಟ್ರೌಟ್ ತಾನೇ ಬಾಳುವ ನದಿಗಳಿಗೆ ಮೀನು ಸುರಿಯುವುದನ್ನು ಕೈಬಿಟ್ಟಿತು.

ಎಣಿಕೆ ಮಾತ್ರ ಮುಂದುವರಿಯಿತು. 1990ರ ದಶಕದ ಆರಂಭದಲ್ಲಿ ಅದೇ ನದಿಯ ಪಟ್ಟಿಯಲ್ಲಿ ಎಳೆಯ ರೇನ್‌ಬೋಗಳ ಸಾಲು ಬರಿದಾಗತೊಡಗಿತು. ದೊಡ್ಡವು ಇನ್ನೂ ಗಾಳಕ್ಕೆ ಬೀಳುತ್ತಿರುವಾಗ ದಡದಲ್ಲಿ ಕೂತವರಿಗೆ ಇದು ಹೇಗೆ ಗೊತ್ತಾಗಬೇಕು? 1994ರಲ್ಲಿ ಕಾರಣ ಸಿಕ್ಕಿತು: ಮರಿಗಳ ಮೃದ್ವಸ್ಥಿಯನ್ನು ತಿನ್ನುವ ಒಂದು ಪರಜೀವಿ. ಅದು ತಗುಲಿದ ಮರಿ ತನ್ನ ಬಾಲದ ಹಿಂದೆ ತಾನೇ ಗಿರಗಿರನೆ ಸುತ್ತುತ್ತೆ. ನದಿಯ ಮೇಲ್ಭಾಗದಲ್ಲಿ ರೇನ್‌ಬೋಗಳು ಹತ್ತರಲ್ಲಿ ಒಂಬತ್ತರಷ್ಟು ಇಲ್ಲವಾದವು. ಬ್ರೌನ್ ಟ್ರೌಟ್‌ಗೆ ಅಷ್ಟು ಪೆಟ್ಟು ಬೀಳಲಿಲ್ಲ. ಅದೂ ಆ ಪರಜೀವಿಯೂ ಯುರೋಪಿನವೇ, ಹಳೇ ಪರಿಚಯ.